ಡಿಗ್ರಿ ಭಾಷಾ ತರಗತಿಯಲ್ಲಿ ವಿದ್ಯಾರ್ಥಿ ಕೇಂದ್ರಿತ ಪಾಠ ಅಂದರೆ ಏನು? ಅಲ್ಲಿ ಕಲಿತದ್ದು ಮುಂದೆ ಕೆಲಸಕ್ಕೆ ಬರುತ್ತಾ?

ಮೇಷ್ಟ್ರು ಹೇಳಿದ್ದನ್ನು ಕೇಳಿ ಬರೆದುಕೊಳ್ಳುವ ಬದಲು ವಿದ್ಯಾರ್ಥಿಗಳೇ ಕೆಲಸ ಮಾಡುತ್ತಾ ಭಾಷೆ ಕಲಿಯುವುದೇ ವಿದ್ಯಾರ್ಥಿ ಕೇಂದ್ರಿತ ಪಾಠ. ಅದು ಮುಂದೆ ಕೆಲಸಕ್ಕೆ ಖಂಡಿತ ಬರುತ್ತದೆ. ಆದರೆ ಸುಮ್ನೆ ಗುಂಪು ಮಾಡಿ ಕೂರಿಸಿ ಚರ್ಚೆ ಮಾಡಿ ಅಂದರೆ ಆಗುವುದಿಲ್ಲ. ಮಾತಾಡದೆ, ಬರೆಯದೆ ಮುಗಿಯದಂಥ ಕೆಲಸ ಕೊಡಬೇಕು.

ಇದು ನಮಗೆ ಹೊಸದೇನಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ನಡೆಸಿದ ‘ಬೆಂಗಳೂರು ಯೋಜನೆ’ ಎಂಬ ಪ್ರಯೋಗದಲ್ಲಿ ವ್ಯಾಕರಣ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಉತ್ತರ ಹುಡುಕಿಸಿದರು. ಅಲ್ಲಿ ಗುಂಪು ಚಟುವಟಿಕೆಗಿಂತ ಮೇಷ್ಟ್ರ ಪಾತ್ರವೇ ಜಾಸ್ತಿ ಇತ್ತು. ಹಾಗಾಗಿ ಮೇಷ್ಟ್ರು ಪಕ್ಕಕ್ಕೆ ಸರಿಯಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ನಮ್ಮ ದಾವಣಗೆರೆಯಲ್ಲೇ ನೋಡಿ. ಮೆಕ್ಕೆಜೋಳ ಬರುವ ಕಾಲಕ್ಕೆ ವಿದ್ಯಾರ್ಥಿಗಳನ್ನು ಎಪಿಎಂಸಿಗೆ ಕಳಿಸಿ. ಒಬ್ಬರು ರೈತರನ್ನು ಮಾತಾಡಿಸಲಿ, ಇನ್ನೊಬ್ಬರು ದಲ್ಲಾಳಿಗಳನ್ನು, ಮತ್ತೊಬ್ಬರು ಹಮಾಲರನ್ನು. ಕನ್ನಡದಲ್ಲಿ ಕೇಳಿದ್ದನ್ನು ಮೂವರೂ ಸೇರಿ ಇಂಗ್ಲಿಷಿನಲ್ಲಿ ಒಂದೇ ಪುಟದ ವರದಿ ಮಾಡಲಿ. ಮೂವರು ತಂದ ಮಾತು ಒಂದಕ್ಕೊಂದು ಹೊಂದದೇ ಇದ್ದಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮತ್ತೆ ಹೋಗಿ ಕೇಳಬೇಕು, ಜೊತೆಯವರನ್ನು ಹೇಗೆ ಒಪ್ಪಿಸಬೇಕು ಅಂತ ಅವರೇ ವಾದ ಮಾಡಿ ತೀರ್ಮಾನಿಸುತ್ತಾರಲ್ಲ, ಬ್ಯಾಂಕಿಗೆ ಸೇರಿದರೂ ಅಂಗಡಿ ಇಟ್ಟರೂ ಬೇಕಾಗುವುದು ಅದೇ ಅಲ್ವಾ?

ದೊಡ್ಡ ತೊಡಕು ಅಂಕದ್ದು. ಬಾಯಿಪಾಠಕ್ಕೆ ಮಾತ್ರ ಅಂಕ ಸಿಗುವುದಾದರೆ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ, ಅವರನ್ನು ದೂರುವ ಹಾಗೂ ಇಲ್ಲ. ಆಂತರಿಕ ಅಂಕದಲ್ಲಿ ಈ ವರದಿಗೂ, ಅದನ್ನು ತರಗತಿಯ ಮುಂದೆ ವಿವರಿಸುವುದಕ್ಕೂ ಪಾಲು ಇಡಿ. ಯಾವುದಕ್ಕೆ ಎಷ್ಟು ಅಂತ ಮೊದಲೇ ಹೇಳಿಬಿಡಿ.