ತುಡುವೆ ಪೆಟ್ಟಿಗೆಯಲ್ಲಿ ಪ್ರೊಪೊಲಿಸ್ ಸಿಗುತ್ತದೆಯೇ?

ತೀರ್ಥಹಳ್ಳಿಯ ತೋಟದಲ್ಲಿ ತುಡುವೆ ಜೇನು ಸಾಕಿದ್ದೀರಿ, ಅದರಿಂದ ಪ್ರೊಪೊಲಿಸ್ (ಜೇನುನೊಣ ಮರದ ರಾಳ ತಂದು ಮೇಣ ಬೆರೆಸಿ ಮಾಡುವ ಅಂಟು) ತೆಗೆದು ಬಾಯಿಹುಣ್ಣಿಗೆ, ಗಾಯಕ್ಕೆ ಬಳಸಬಹುದೇ, ಅದರಲ್ಲಿ ಏನೇನಿರುತ್ತದೆ ಎಂದು ಕೇಳಿದ್ದೀರಿ.

ನಿರಾಸೆಯ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ತುಡುವೆ ಪ್ರೊಪೊಲಿಸ್ ಕೂಡಿಸುವ ಜಾತಿಯಲ್ಲ. ಸಂದು ಮುಚ್ಚಲು ಅದಕ್ಕೆ ಮೇಣವೇ ಸಾಕು. ನಿಮ್ಮ ಪೆಟ್ಟಿಗೆಯ ಚೌಕಟ್ಟು ಸಲೀಸಾಗಿ ಮೇಲೆ ಬರುವುದು ಅದಕ್ಕೇ. ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಪೆಟ್ಟಿಗೆಯಲ್ಲಾದರೆ ಕಬ್ಬಿಣದ ಪಟ್ಟಿ ಹಾಕಿ ಮೀಟಬೇಕು. ಅಂಗಡಿಯ ಸೀಸೆಗಳಲ್ಲಿರುವುದು ಬಹುಮಟ್ಟಿಗೆ ಅದರ ಸರಕು.

ನಮ್ಮಲ್ಲಿ ಅಂಟು ಕೂಡಿಸುವುದರಲ್ಲಿ ನಿಸ್ಸೀಮ ಮಿಸರಿ ಎಂಬ ಚುಚ್ಚದ ಪುಟ್ಟ ಜೇನು. ಮುಜಂಟಿ ಎಂದರೂ ಅದೇ. ನಮ್ಮ ಕೊಟ್ಟಿಗೆಯ ಮಣ್ಣಿನ ಗೋಡೆಯಲ್ಲಿ ಅದರದೊಂದು ಸಂಸಾರವಿದೆ. ಬಾಗಿಲಿಗೆ ಕಪ್ಪು ಕೊಳವೆ, ಅದರ ಅಂಚು ಜಿಗುಟು. ನುಗ್ಗಲು ಬಂದ ಇರುವೆ ಅಲ್ಲೇ ಕಾಲು ಸಿಕ್ಕಿಸಿಕೊಳ್ಳುತ್ತದೆ. ಬಿಸಿಲಿಗೆ ಎಳೆ ಎಳೆಯಾಗಿ ಬರುವ ಅಂಟು ಚಳಿಗೆ ಅಚ್ಚುಬೆಲ್ಲದ ಹಾಗೆ ಮುರಿಯುತ್ತದೆ.

ಮೆಲ್ಲಿಫೆರಾ ಪ್ರೊಪೊಲಿಸ್‌ನಲ್ಲಿ ಸುಮಾರು ಅರ್ಧಪಾಲು ಮರದ ರಾಳ, ಶೇ. 30ರಷ್ಟು ಮೇಣ, ಶೇ. 10ರಷ್ಟು ಆವಿಯಾಗುವ ಎಣ್ಣೆಗಳು, ಶೇ. 5ರಷ್ಟು ಪರಾಗ ಇರುತ್ತವೆ. ಮದ್ದಿನ ಗುಣ ಹೆಚ್ಚಾಗಿ ರಾಳದ್ದು, ರಾಳದ ಗುಣ ಮರದ್ದು. ಯುರೋಪಿನಲ್ಲಿ ಅದು ಮುಖ್ಯವಾಗಿ ಪಾಪ್ಲರ್ ಮರದ ಮೊಗ್ಗಿನಿಂದ ಬರುವುದರಿಂದ ಪಿನೊಸೆಂಬ್ರಿನ್, ಗಲಾಂಜಿನ್ ಮುಂತಾದ ಫ್ಲೇವನಾಯ್ಡ್ ಎಂಬ ಸಸ್ಯ ರಾಸಾಯನಿಕಗಳು ಸಿಗುತ್ತವೆ. ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬಕ್ಕಾರಿಸ್ ಎಂಬ ಪೊದೆಯದು. ಅದರ ಮುಖ್ಯ ಅಂಶ ಆರ್ಟಿಪಿಲಿನ್ ಸಿ. ನಮ್ಮ ಮಿಸರಿ ಮಾವು, ಹಲಸಿನ ಅಂಟು ತರುತ್ತದೆ. ಪಾಪ್ಲರ್ ರಾಳದ ಮೇಲೆ ನಡೆದ ಪ್ರಯೋಗದ ಫಲವನ್ನು ಹಲಸಿನ ಮೇಣಕ್ಕೆ ಅಂಟಿಸಲು ಬರುವುದಿಲ್ಲ. ಮಾರುವವರು ಮಾತ್ರ ಎಲ್ಲವನ್ನೂ ಒಂದೇ ಸೀಸೆಗೆ ತುಂಬಿ ಮಾತಾಡುತ್ತಾರೆ!

ಪ್ರಯೋಗಾಲಯದಲ್ಲಿ ಪ್ರೊಪೊಲಿಸ್ ಹಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುವುದು ನಿಜ. ಮನುಷ್ಯರಲ್ಲಿ ಬಾಯಿಹುಣ್ಣು, ವಸಡಿನ ಊತ, ತುಟಿಯ ಹರ್ಪಿಸ್ ಗುಳ್ಳೆಗೆ ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಪ್ರಯೋಜನ ಕಂಡಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣವಾಗುತ್ತದೆ ಎನ್ನುವವರಿಂದ ದೂರವಿರಿ.

ಮನೆಯಲ್ಲಿ ಕಷಾಯ ಕುದಿಸುವುದು ವ್ಯರ್ಥ: ರಾಳ ನೀರಿಗೆ ಬಿಡುವುದು ಅತ್ಯಲ್ಪ, ಅದಕ್ಕೆ ಮದ್ಯಸಾರ ಬೇಕು. ಅಲರ್ಜಿಯೂ ಅಪರೂಪವಲ್ಲ. ಮಾವಿನ ಸೊನೆ, ಗೇರೆಣ್ಣೆ ತಾಗಿದರೆ ಮೈ ಸುಡುವವರು ಮಿಸರಿ ಅಂಟನ್ನು ಮುಟ್ಟದಿರುವುದೇ ಕ್ಷೇಮ. ಉಬ್ಬಸ ಅಥವಾ ಜೇನಿನ ಅಲರ್ಜಿ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಯಾವ ಪ್ರೊಪೊಲಿಸ್ಸನ್ನೂ ಸೇವಿಸಬಾರದು. ಬಾಯಿಹುಣ್ಣು ಎರಡು ಮೂರು ವಾರಕ್ಕೂ ಮಾಯದಿದ್ದರೆ ಅಂಟು ಹಚ್ಚುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.