ಗೊರಕೆ ಇದೆ, ಟೆಸ್ಟೋಸ್ಟಿರಾನ್ ಕಡಿಮೆ ಇದೆ ಅಂದ್ರೆ ಮೊದಲು ನಿದ್ದೆಯ ಟೆಸ್ಟ್

ಹೆಂಡತಿ ಬೇರೆ ಕೋಣೆಗೆ ಹೋಗುವಷ್ಟು ಗೊರಕೆ, ಹಗಲೆಲ್ಲ ತೂಕಡಿಕೆ, ನಿಮಿರುವಿಕೆ ಸರಿ ಇಲ್ಲ, ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಕಡಿಮೆ. ಇಂಜೆಕ್ಷನ್ನೋ ಮಾತ್ರೆಯೋ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನನ್ನದೂ ಇದೇ ಪ್ರಶ್ನೆ. ಸದ್ಯಕ್ಕೆ ಎರಡೂ ಬೇಡ ಅಣ್ಣ, ಸ್ಲೀಪ್ ಅಪ್ನಿಯಾ ಟೆಸ್ಟ್ ಮಾಡಿಸಿ.

ಈ ಕಾಯಿಲೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ನಿಲ್ಲುತ್ತೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ, ಬೆಳಿಗ್ಗೆ ನಮಗೆ ನೆನಪೂ ಇರಲ್ಲ. ಟೆಸ್ಟೋಸ್ಟಿರಾನ್ ಏರೋದು ನಿದ್ದೆಯಲ್ಲೇ, ನಿದ್ದೆ ಮುರಿದರೆ ಅದಕ್ಕೂ ಪೆಟ್ಟು. ಕನಸು ಬೀಳುವ ನಿದ್ದೆಯಲ್ಲಿ ರಾತ್ರಿಗೆ 3ರಿಂದ 5 ಸಲ ತಾನಾಗೇ ನಿಮಿರುತ್ತೆ; ಗಂಟಲಿನ ಸ್ನಾಯು ತೀರಾ ಸಡಿಲವಾಗಿ ಉಸಿರು ಕಟ್ಟೋದೂ ಆಗಲೇ ಹೆಚ್ಚು. ನಿಮಿರುವಿಕೆಗೆ ಬೇಕಾದ, ರಕ್ತನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕೂಡ ಕಡಿಮೆಯಾಗುತ್ತೆ.

ದುಬಾರಿ ಬೀಳುವ ತಪ್ಪು ಒಂದೇ: ಅಪ್ನಿಯಾ ಇದೆಯೋ ಇಲ್ಲವೋ ನೋಡದೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಶುರು ಮಾಡೋದು. ಚಿಕಿತ್ಸೆ ಇಲ್ಲದ ಅಪ್ನಿಯಾ ಇದರಿಂದ ಕೆರಳಬಹುದು. ರಕ್ತ ಗಟ್ಟಿಯಾಗುತ್ತೆ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 54% ದಾಟಿದರೆ ಇಂಜೆಕ್ಷನ್ ನಿಲ್ಲಿಸಲೇಬೇಕು. ಹೊರಗಿಂದ ಹಾರ್ಮೋನ್ ಬಂತು ಅಂತ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸಂಕೇತ ಕಳಿಸೋದನ್ನೇ ಬಿಡುತ್ತೆ, ವೀರ್ಯಾಣು ಕುಸಿಯುತ್ತೆ. ಇನ್ನೂ ಮಗು ಬೇಕು ಅನ್ನೋರಿಗೆ ಇದನ್ನ ಯಾರೂ ಮೊದಲೇ ಹೇಳಲ್ಲ, ನನಗೆ ಸಿಟ್ಟು ಬರೋದೇ ಅದಕ್ಕೆ. ಅಷ್ಟಕ್ಕೂ ಸಂಜೆ ಕೆಲಸ ಮುಗಿಸಿ ಕೊಟ್ಟ ರಕ್ತದ ರಿಪೋರ್ಟ್ ನಂಬಬೇಡಿ. ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಕೊಡಿ. ಮಾತ್ರೆಯಾದರೆ, ಎದೆನೋವಿಗೆ ಸಾರ್ಬಿಟ್ರೇಟ್ ತಗೊಳ್ಳೋರು ನಿಮಿರುವಿಕೆಯ ಮಾತ್ರೆ ಸಿಲ್ಡೆನಾಫಿಲ್ ಮುಟ್ಟಲೇಬಾರದು, ಬಿಪಿ ಜೀವ ಹೋಗುವಷ್ಟು ಕುಸಿಯುತ್ತೆ.

ಕಿವಿ-ಮೂಗು-ಗಂಟಲಿನ ಅಥವಾ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಟೆಸ್ಟೂ ಇದೆ. ಗಂಟೆಗೆ 15 ಸಲಕ್ಕಿಂತ ಹೆಚ್ಚು ಉಸಿರು ಕಟ್ಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಆಗ ಸಾಮಾನ್ಯವಾಗಿ ಸಿಪ್ಯಾಪ್ ಬರೆದುಕೊಡ್ತಾರೆ, ಅಂದ್ರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಮೆಷಿನ್.

ಜನ ಮೆಷಿನ್ ಮೂಲೆಗಿಡೋದು ಮಾಸ್ಕ್ ಸರಿ ಕೂರದೇ ಇದ್ದಾಗ. ಕೂತು ಅಲ್ಲ, ಮಲಗಿ, ಗಾಳಿ ಹರಿಯುತ್ತಿರುವಾಗಲೇ ಪಟ್ಟಿ ಬಿಗಿ ಮಾಡಿ. ದಪ್ಪ ಮೀಸೆ ಇದ್ದರೆ ಅಂಚಿನಿಂದ ಗಾಳಿ ಸೋರುತ್ತೆ. ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೋ ಮಾಸ್ಕ್ ಕೇಳಿ. ಬೆಳಿಗ್ಗೆ ಬಾಯಿ ಒಣಗಿದ್ದರೆ ಬಾಯಿ ತೆರೆದು ಮಲಗಿದ್ದೀರಿ ಅಂತ. ನಮ್ಮ ದಾವಣಗೆರೆ ಬೋರ್ ನೀರು ಹ್ಯುಮಿಡಿಫೈಯರ್‌ಗೆ (ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ) ಹಾಕಿದರೆ ತಳದಲ್ಲಿ ಬಿಳಿ ಉಪ್ಪು ಕಟ್ಟುತ್ತೆ, ಡಿಸ್ಟಿಲ್ಡ್ ವಾಟರ್ರೇ ಹಾಕಿ, ದಿನಾ ಬದಲಿಸಿ. ಕರೆಂಟ್ ಹೋದರೆ ಮೆಷಿನ್ ನಿಲ್ಲುತ್ತೆ, ಯುಪಿಎಸ್‌ಗೆ ಕನೆಕ್ಷನ್ ಕೊಡಿಸಿ.

ರಾತ್ರಿಗೆ ಕನಿಷ್ಠ 4 ಗಂಟೆ, ಸಾಧ್ಯವಾದರೆ ಮಲಗಿದ ಅಷ್ಟೂ ಹೊತ್ತು, 3 ತಿಂಗಳು ಹಾಕಿ. ಹಲವರಿಗೆ ನಿಮಿರುವಿಕೆ ಸುಧಾರಿಸುತ್ತೆ. ಆದರೆ ಸಿಪ್ಯಾಪ್ ಒಂದರಿಂದಲೇ ಟೆಸ್ಟೋಸ್ಟಿರಾನ್ ಏರುತ್ತೆ ಅಂತ ಕಾಯಬೇಡಿ, ಅದಕ್ಕೆ ತೂಕ ಇಳಿಸಬೇಕು. ಬೆಣ್ಣೆದೋಸೆ ಬೆಳಿಗ್ಗೆಗೇ ಇರಲಿ, ರಾತ್ರಿಯ ಕ್ವಾರ್ಟರ್ ಬಿಡಿ. ಹೆಂಡ ಗಂಟಲನ್ನ ಇನ್ನಷ್ಟು ಸಡಿಲ ಮಾಡುತ್ತೆ. ನಿಮಿರುವಿಕೆಯ ತೊಂದರೆಗೆ ಶುಗರ್, ಬಿಪಿಯೂ ಕಾರಣ ಆಗ್ತವೆ, ಅವನ್ನೂ ನೋಡಿಸಿ. ಅಲ್ಲಿವರೆಗೆ ತೂಕಡಿಸ್ತಾ ಹೈವೇಯಲ್ಲಿ ಹುಬ್ಬಳ್ಳಿ ಕಡೆ ಗಾಡಿ ಓಡಿಸಬೇಡಿ.