ಹ್ಯಾಂಡಲ್ ಬಿಚ್ಚುವ ಮೊದಲು ಬಾಗಿಲ ಸಂದಿಗೆ ಒಂದು ಚಪ್ಪಲಿ ಇಡಿ

ಉಡುಪಿಯಲ್ಲಿ ಬಾಡಿಗೆ ಮನೆ, ಬೆಡ್‌ರೂಮಿನ ಬಾಗಿಲ ಹ್ಯಾಂಡಲ್ ಜೋತುಬಿದ್ದಿದೆ, ನಾನೇ ಬದಲಿಸಬಹುದಾ ಇಲ್ಲ ಆಚಾರಿಯನ್ನೇ ಕರೆಸಬೇಕಾ ಅಂತ ಕೇಳಿದ್ದೀರಿ.

ನೀವೇ ಮಾಡಬಹುದು. ಅಳತೆ ಸರಿಯಿದ್ದರೆ ಅರ್ಧ ಗಂಟೆಯ ಕೆಲಸ. ನನಗೆ ಮೊದಲ ಸಲ ಒಂದಿಡೀ ಭಾನುವಾರ ಹಿಡಿಯಿತು, ಅದು ಬೇರೆ ವಿಷಯ.

ನಮ್ಮ ಮನೆ ಮಲ್ಪೆ ಕಡೆ. ಎರಡೂ ಬದಿಯ ಹ್ಯಾಂಡಲ್ ಬಿಚ್ಚಿ ರೂಮಿನೊಳಗೆ ಕೂತಿದ್ದೆ. ಜುಲೈ ತಿಂಗಳು. ಕಡಲ ಗಾಳಿ ಬೀಸಿತು ನೋಡಿ, ಬಾಗಿಲು ದಡಾರ್ ಅಂತ ಹಾಕಿಕೊಂಡಿತು. ಎರಡು ಹ್ಯಾಂಡಲ್‌ಗಳ ನಡುವೆ ಹಾಯುವ ಚೌಕದ ಕಂಬಿ, ಅಂಗಡಿಯವರು ಸ್ಪಿಂಡಲ್ ಅನ್ನುತ್ತಾರಲ್ಲ, ಅದು ಹಾಲ್‌ನ ನೆಲದ ಮೇಲೆ. ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದರು. ಕೂಗಿ ಕೂಗಿ ಸಾಕಾದ ಮೇಲೆ ಬಂದು, "ಯಾವ ಕಂಬಿ ಮಾರಾಯ, ಇಲ್ಲಿ ಬೇಕಾದಷ್ಟು ಬಿದ್ದಿದೆ" ಅಂದರು. ಬಾಗಿಲಡಿಯ ಸಂದಿಯಿಂದ ಮೊದಲು ಬಂದದ್ದು ಸ್ಕ್ರೂಡ್ರೈವರ್. ಆಮೇಲೆ ಸ್ಪಿಂಡಲ್. ಹಾಗಾಗಿ ಬಾಗಿಲ ಸಂದಿಗೆ ಹಳೇ ಚಪ್ಪಲಿ ಸಿಕ್ಕಿಸಿಯೇ ಕೆಲಸ ಶುರು ಮಾಡಿ.

ಹ್ಯಾಂಡಲ್ ಬಿಚ್ಚಿದ ಮೇಲೆ ಬರೀ ಸ್ಪಿಂಡಲ್ ತೂರಿಸಿ ತಿರುಗಿಸಿ. ಬಾಗಿಲಂಚಿನ ನಾಲಿಗೆ ಒಳಗೆ ಹೋಗಿ, ಬಿಟ್ಟ ಕೂಡಲೇ ಟಪ್ ಅಂತ ಹೊರಬಂದರೆ ಲಾಕ್ ಚೆನ್ನಾಗಿದೆ, ಹ್ಯಾಂಡಲ್‌ನ ಸ್ಪ್ರಿಂಗ್ ಮಾತ್ರ ಹೋಗಿದೆ. ನಾಲಿಗೆ ಒಳಗೇ ಉಳಿದರೆ ಲಾಕ್‌ನಲ್ಲೇ ತೊಂದರೆ, ಸುಮ್ನೆ ಹ್ಯಾಂಡಲ್ ತಂದು ಪ್ರಯೋಜನವಿಲ್ಲ.

ಅಂಗಡಿಗೆ ಹಳೇ ಹ್ಯಾಂಡಲನ್ನೇ ಹಿಡಿದುಕೊಂಡು ಹೋಗಿ. ಫೋಟೋ ಸಾಲದು. ನೋಡಲು ಒಂದೇ ಥರ ಇರುತ್ತವೆ, ಆದರೆ ಸ್ಪಿಂಡಲ್ ತೂತಿನ ನಡುವಿನಿಂದ ಕೀಲಿ ತೂತಿನ ನಡುವಿಗೆ ಇರುವ ಅಂತರ ಬೇರೆ ಬೇರೆ. ನಮ್ಮಲ್ಲಿ 65 ಮತ್ತು 85 ಮಿಲಿಮೀಟರಿನವು ಜಾಸ್ತಿ. ನಾನು ಕಣ್ಣಳತೆಯಲ್ಲಿ ತಂದು, ಕೀಲಿ ತೂರದೆ ವಾಪಸ್ ಹೋಗಿದ್ದೆ. ಬಾಗಿಲ ದಪ್ಪವನ್ನೂ ಅಳೆಯಿರಿ. ಹಳೇ ಹಲಸಿನ ಬಾಗಿಲು ದಪ್ಪ ಇದ್ದರೆ ಹೊಸ ಸೆಟ್ಟಿನ ಸ್ಪಿಂಡಲ್ ಗಿಡ್ಡವಾಗುತ್ತದೆ.

ಇನ್ನು ಯಾವುದು ತರುವುದು? ಕಡಲ ಹತ್ತಿರದ ಮನೆಗೆ ಥಳಥಳ ಹೊಳೆಯುವ ಕಡಿಮೆ ಬೆಲೆಯದ್ದು ಬೇಡ. ಅವುಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಲೋಹದ ಮೇಲೆ ತೆಳು ಲೇಪ ಕೊಟ್ಟವು. ಉಪ್ಪುಗಾಳಿಗೆ ಲೇಪ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಏಳುತ್ತದೆ. 304 ದರ್ಜೆಯ ಸ್ಟೀಲ್ ಒಳಬಾಗಿಲಿಗೆ ಸಾಕು. ಕಡಲಿಗೆ ಮುಖ ಮಾಡಿದ ಹೊರಬಾಗಿಲಾದರೆ 316 ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ. ನನಗಂತೂ ಹಿತ್ತಾಳೆಯೇ ಇಷ್ಟ. ಕಪ್ಪಾದರೆ ಹುಣಸೆಹುಳಿ ಹಾಕಿ ತಿಕ್ಕಿದರಾಯಿತು. ಸ್ಕ್ರೂ ಕೂಡ ಸ್ಟೀಲಿನದೇ ತನ್ನಿ. ಕಬ್ಬಿಣದ್ದಾದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಲೆ ತುಕ್ಕು ಹಿಡಿದು, ಬಿಚ್ಚಲು ಹೋದರೆ ಸ್ಕ್ರೂಡ್ರೈವರ್ ಜಾರುತ್ತದೆ.

ಹಳೇ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ. ಒಂದು ರಾತ್ರಿ ಒಣಗಲಿ. ಹಿಡಿಸೂಡಿ ಕಡ್ಡಿಯನ್ನೂ ನೋಡಿದ್ದೇನೆ, ತೀರಾ ನುಣುಪು, ಸ್ಕ್ರೂ ಜೊತೆಗೇ ಹೊರಗೆ ಬಂತು.

ಒಂದು ಮಾತು ಮರೆತೆ. ಮಳೆಗಾಲಕ್ಕೆ ಮರ ನೀರು ಕುಡಿದು ಉಬ್ಬುತ್ತದೆ ಅಲ್ವಾ, ಆಗ ನಾಲಿಗೆ ದಾರಂದದ ತೂತಿಗೆ ಸರಿಯಾಗಿ ಕೂರುವುದಿಲ್ಲ. ಅದು ಹ್ಯಾಂಡಲ್ ತಪ್ಪಲ್ಲ. ಆಗಲೇ ಬಾಗಿಲನ್ನು ಕೆತ್ತಿಸಬೇಡಿ. ಕೆತ್ತಿಸಿದರೆ, ಮರ ಒಣಗಿ ಮಾರ್ಚ್‌ನಲ್ಲಿ ಬೆರಳು ಹೋಗುವಷ್ಟು ಸಂದಿ ಬಿದ್ದಿರುತ್ತದೆ.

ಕೂರಿಸುವಾಗ ಎರಡೂ ಬದಿಯ ಸ್ಕ್ರೂ ಅರ್ಧರ್ಧ ತಿರುಗಿಸಿ. ಬಾಗಿಲು ತೆರೆದಿರುವಾಗಲೇ ಹ್ಯಾಂಡಲ್, ಕೀಲಿ ಎರಡನ್ನೂ ನೋಡಿ. ಸಲೀಸಾಗಿ ಓಡಿದರೆ ಬಿಗಿ ಮಾಡಿ, ಅತಿಯಾಗಿ ಬೇಡ, ಹ್ಯಾಂಡಲ್ ಹಿಡಿದುಕೊಳ್ಳುತ್ತದೆ. ಬಾಡಿಗೆ ಮನೆಯಲ್ವಾ, ಹಳೇ ಹ್ಯಾಂಡಲ್ ಬಿಸಾಡಬೇಡಿ, ಮನೆ ಬಿಡುವಾಗ ಓನರ್ ಕೇಳಿದರೂ ಕೇಳಬಹುದು.